ರಸ್ತೆಯ ಋಣ ತೀರಿದ ಗಾಡಿ

ನಮ್ಮ ಮನೆಯವರು 1998ರಲ್ಲಿ ಒಂದು ಬಿಳಿಯ ಮಾರುತಿ ಝೆನ್ ಕಾರನ್ನು ಕೊಂಡು ತಂದಾಗ ಶಹಾಪುರದ ನಮ್ಮ ಓಣಿಯಲ್ಲಿ ಅದೊಂದು ಸಮಾರಂಭವೇ ಆಗಿತ್ತು. ಎಡಬಲದ ಮನೆಗಳ ಮಗ್ಗಗಳು ಒಂದು ಗಳಿಗೆ ಸದ್ದು ನಿಲ್ಲಿಸಿದವು. ಅತ್ತೆಯವರು ಗಾಡಿಗೆ ವಿಭೂತಿ ಹಚ್ಚಿ, ಕಾಯಿ ಒಡೆಸಿ, ಮೊದಲ ಪಯಣ ಕೂಡಲಸಂಗಮಕ್ಕೇ ಆಗಬೇಕೆಂದು ಅಪ್ಪಣೆ ಮಾಡಿದರು. ಅಂದಿನಿಂದ ಆ ಗಾಡಿ ನಮ್ಮ ಕುಟುಂಬದ ಸುಖದುಃಖಗಳಿಗೆಲ್ಲ ಸಾಕ್ಷಿಯಾಯಿತು. ಮಗಳನ್ನು ಬಾಣಂತನಕ್ಕೆ ಕರೆತಂದದ್ದು ಅದರಲ್ಲಿ. 2016ರಲ್ಲಿ ಮನೆಯವರನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲಿಯೇ. ಅವರು ಲಿಂಗೈಕ್ಯರಾದ ಮೇಲೆ ಗಾಡಿಯ ಕಾಗದಪತ್ರಗಳು ನನ್ನ ಹೆಸರಿಗೆ ಬಂದವು.

ನನ್ನ ಮಗ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಎರಕದ ಬಿಡಿಭಾಗಗಳನ್ನು ಲೇಥ್ ಯಂತ್ರದಲ್ಲಿ ಕೊರೆದು ಅಳತೆಗೆ ತರುವುದು ಅವನ ಕಾಯಕ. 2022ರ ಮಳೆಗಾಲದಲ್ಲಿ ಅವನ ಗೆಳೆಯನೊಬ್ಬನು ರಾತ್ರಿಯ ವೇಳೆ ಹೆದ್ದಾರಿಯಲ್ಲಿ ಪಂಥ ಕಟ್ಟಿ ಕಾರು ಓಡಿಸಿ, ಮರಳಿ ಬರಲಿಲ್ಲ. ಮಣ್ಣು ಮಾಡಿ ಬಂದ ದಿನ ಮಗನು ಊಟಕ್ಕೆ ಏಳದೆ ಕುಳಿತಿದ್ದ. ಬಹಳ ಹೊತ್ತಿನ ಮೇಲೆ, “ಅವ್ವಾ, ಹಿಂದಿನ ವಾರ ಅದ ರಸ್ತಾದಾಗ ಅವನ ಜೋಡಿ ನಾನೂ ಓಡಿಸಿದ್ದೆ” ಎಂದ. ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ತಾಟು ಅಲ್ಲಿಯೇ ಉಳಿಯಿತು.

ಬೈಯುವುದು ಸುಲಭವಿತ್ತು, ಬೈದೆ. ಆಣೆ ಹಾಕಿಸುವುದೂ ಸುಲಭವಿತ್ತು, ಹಾಕಿಸಿದೆ. ಆದರೆ ಹರೆಯದ ಮಕ್ಕಳ ಆಣೆಗೆ ಎಷ್ಟು ಆಯುಷ್ಯವೆಂಬುದನ್ನು ತಾಯಂದಿರೆಲ್ಲರೂ ಬಲ್ಲರು. ಮೂರು ತಿಂಗಳ ಮೇಲೆ ಅವನೇ ಒಂದು ಬೇಡಿಕೆ ಮುಂದಿಟ್ಟ. “ಅಪ್ಪನ ಗಾಡಿ ನನಗ ಕೊಡು. ರಸ್ತಾಕ್ಕ ಒಯ್ಯಂಗಿಲ್ಲ. ಅದಕ್ಕಂತ ಕಟ್ಟಿದ ಟ್ರ್ಯಾಕಿನ್ಯಾಗ ಅಷ್ಟ ಓಡಸ್ತೀನಿ.”

ನನಗೆ ಇದೆಲ್ಲ ಹೊಸದು. ಅವನೇ ತಿಳಿಸಿ ಹೇಳಿದ. ಮದ್ರಾಸಿನ ಹತ್ತಿರ ಶೋಳವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದಾರಿಯಲ್ಲಿ ದಶಕಗಳ ಕಾಲ ಕಾರುಗಳ ಸ್ಪರ್ಧೆ ನಡೆಯುತ್ತಿತ್ತು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇದಕ್ಕೆಂದೇ ಒಂದು ಓಟದ ಪಥ ಸಿದ್ಧವಾಯಿತು. 2003ರಲ್ಲಿ ಕೊಯಮತ್ತೂರಿನಲ್ಲಿ ಇನ್ನೊಂದು ಪಥ ಬಂದಿತು. ಅದಕ್ಕೆ ಕರಿವರ್ಧನ್ ಎಂಬುವರ ಹೆಸರಿದೆ. ಜವಳಿ ಗಿರಣಿಯ ಮನೆತನದಲ್ಲಿ ಹುಟ್ಟಿದ ಅವರು ಮಾರುತಿ 800ರ ಇಂಜಿನನ್ನು ಬಳಸಿ ನಮ್ಮ ದೇಶದ ತರುಣರಿಗೆ ಎಟಕುವ ಸ್ಪರ್ಧಾ ಕಾರುಗಳನ್ನು ಕಟ್ಟಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇಂಥ ಪಥಗಳಲ್ಲಿ ಕೆಲವು ದಿನ ಶುಲ್ಕ ಕೊಟ್ಟವರಿಗೆಲ್ಲ ತಮ್ಮ ಗಾಡಿ ಓಡಿಸಲು ಅವಕಾಶವಿರುತ್ತದೆ. ಅಲ್ಲಿ ಬಹುಮಾನವಿಲ್ಲ, ಗೆಲುವು ಸೋಲುಗಳಿಲ್ಲ. ಎದುರಿನಿಂದ ಎತ್ತಿನ ಬಂಡಿ ಬರುವುದಿಲ್ಲ, ಶಾಲೆಯ ಮಗು ಅಡ್ಡ ಬರುವುದಿಲ್ಲ. ಈ ಕೊನೆಯ ಮಾತೇ ನನ್ನ ಮನಸ್ಸನ್ನು ತಟ್ಟಿತು. ರಸ್ತೆಯ ವೇಗದಲ್ಲಿ ಸಾಯುವವನು ಓಡಿಸುವವನೊಬ್ಬನೇ ಅಲ್ಲವಷ್ಟೆ!

ಗಾಡಿಯ ನೋಂದಣಿಯನ್ನು 2013ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ನವೀಕರಿಸಿದ್ದೆವು. 2023ರಲ್ಲಿ ಮತ್ತೆ ಆ ಕಾಲ ಬಂದಿತು. ನವೀಕರಿಸುವುದೋ, ಬಿಟ್ಟುಕೊಡುವುದೋ? ಇಲ್ಲಿ ಒಂದು ಕಾನೂನಿನ ಸಂಗತಿಯನ್ನು ಓದುಗರು ತಿಳಿದಿರುವುದು ಲೇಸು. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನಂತೆ ತಯಾರಕರು ಕೊಟ್ಟ ಮೂಲ ರಚನೆಯನ್ನು ಮನಬಂದಂತೆ ಬದಲಿಸಿ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಶಾಶ್ವತವಾಗಿ ಬಳಕೆಗೆ ಬಾರದಂತಾದ ವಾಹನದ ನೋಂದಣಿಯನ್ನು 55ನೆಯ ಕಲಮಿನಂತೆ ರದ್ದು ಮಾಡಿಸಬೇಕು. ನಾನು ಮಗನಿಗೆ ಇದೊಂದೇ ಕರಾರು ಹಾಕಿದೆ: ಅರ್ಧ ರಸ್ತೆಗೆ, ಅರ್ಧ ಪಥಕ್ಕೆ ಎಂಬ ಇಬ್ಬಂದಿ ಬೇಡ; ಕೊಟ್ಟರೆ ಪೂರ್ಣ ಕೊಡುತ್ತೇನೆ. ಸಾರಿಗೆ ಕಚೇರಿಯ ಅರ್ಜಿಯ ಮೇಲೆ ಸಹಿ ಮಾಡುವಾಗ ಮಾತ್ರ ಕೈ ನಡುಗಿತು. ಮನೆಯವರ ಹೆಸರಿನಿಂದ ನನ್ನ ಹೆಸರಿಗೆ ಬಂದ ವಸ್ತು ಈಗ ಯಾವ ದಾಖಲೆಯಲ್ಲಿಯೂ ಇಲ್ಲದಂತಾಯಿತು.

ಮುಂದಿನ ಎಂಟು ತಿಂಗಳು ಮನೆಯ ಹಿಂದಿನ ಮಗ್ಗದ ಕೋಣೆಯೇ ಅವನ ಕಾರ್ಖಾನೆ. ಮೊದಲು ಕಳೆಯುವ ಕೆಲಸ. ಹಿಂದಿನ ಆಸನ, ನೆಲಹಾಸು, ಬಾಗಿಲ ಒಳಹೊದಿಕೆ, ಸದ್ದು ತಡೆಯುವ ಡಾಂಬರಿನ ಪದರು, ಹವಾನಿಯಂತ್ರಣದ ಸಾಮಗ್ರಿ ಎಲ್ಲವೂ ಹೊರಬಂದವು. ಒಂದೊಂದನ್ನೂ ಕಾಟಾದ ಮೇಲಿಟ್ಟು ತೂಗಿ ಗೋಡೆಯ ಮೇಲೆ ಬರೆದಿಡುತ್ತಿದ್ದ. ಗಾಡಿ ಹಗುರಾದಷ್ಟೂ ತಿರುವಿನಲ್ಲಿ ಟೈರಿಗೆ, ನಿಲ್ಲುವಾಗ ಬ್ರೇಕಿಗೆ ಭಾರ ಕಡಿಮೆ. ಇಂಜಿನಿನ ಬಲ ಹೆಚ್ಚಿಸುವುದು ಎಲ್ಲಕ್ಕೂ ಕೊನೆಯ ಮಾತೆಂದು ಅವನು ಹೇಳಿದಾಗ ನನಗೆ ಆಶ್ಚರ್ಯವಾಯಿತು.

ಎರಡನೆಯದು ಬ್ರೇಕು. ವೇಗ ಎರಡು ಪಟ್ಟಾದರೆ ಗಾಡಿಯಲ್ಲಿ ಅಡಗಿದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಲ್ಲಿಸುವಾಗ ಅಷ್ಟೂ ಶಾಖವಾಗಿ ಬ್ರೇಕಿಗೆ ಇಳಿಯಬೇಕು. ಬ್ರೇಕಿನ ದ್ರವ ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿ ತುಂಬಿ, ಪೆಡಲು ಒತ್ತಿದರೂ ಗಾಡಿ ನಿಲ್ಲದು. ಹಾಗೆಂದೇ ಪ್ರತಿ ಸಲ ಹೋಗುವ ಮುನ್ನ ಹಳೆಯ ದ್ರವವನ್ನು ತೆಗೆದು ಹೊಸದನ್ನು ತುಂಬುತ್ತಾನೆ. ಸತತ ತಿರುವಿನಲ್ಲಿ ಎಣ್ಣೆ ಒಂದೇ ಕಡೆಗೆ ಸರಿದು ಇಂಜಿನ್ ಒಣಗದಂತೆ ಅದರ ತೊಟ್ಟಿಯೊಳಗೆ ತಡೆತಗಡುಗಳನ್ನೂ ಬೆಸೆದ.

ಮೂರನೆಯದು ಪಂಜರ. ಬೆಸುಗೆಗೆರೆಯಿಲ್ಲದ ಉಕ್ಕಿನ ಕೊಳವೆಗಳನ್ನು ಬಾಗಿಸಿ ಗಾಡಿಯ ಒಳಗೆ ಕಟ್ಟುವ ಈ ಚೌಕಟ್ಟು ಗಾಡಿ ಪಲ್ಟಿಯಾದರೂ ಛಾವಣಿ ಕುಸಿಯದಂತೆ ಕಾಯುತ್ತದೆ. ಮುಖ್ಯ ಕೊಳವೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ. ಕಳೆದ ಭಾರದಲ್ಲಿ ಅರ್ಧದಷ್ಟನ್ನು ಈ ಪಂಜರವೇ ಮರಳಿ ತಂದಿತು. ಇದನ್ನು ಕಟ್ಟಿದ ದಿನ ಮಗ ಹೇಳಿದ ಮಾತು ನನ್ನಲ್ಲಿ ಉಳಿದಿದೆ. ತಲೆಗೆ ಹೆಲ್ಮೆಟ್ ಇಲ್ಲದೆ ಈ ಗಾಡಿಯಲ್ಲಿ ಕುಳಿತರೆ, ಸಣ್ಣ ಡಿಕ್ಕಿಯಲ್ಲಿಯೂ ತಲೆ ಉಕ್ಕಿಗೆ ಬಡಿದು ಪ್ರಾಣ ಹೋಗಬಹುದಂತೆ. ಅಲ್ಲಿ ಕಾಯುವ ವಸ್ತುವೇ ಇಲ್ಲಿ ಕೊಲ್ಲುವ ವಸ್ತು! ಇನ್ನು ಇದು ಮನೆಯ ಗಾಡಿಯಾಗಿ ಉಳಿಯಲಾರದೆಂಬುದು ಅಂದು ನನಗೆ ಪೂರ್ಣ ಮನವರಿಕೆಯಾಯಿತು.

ಆದರೆ ನಿಜವಾದ ತೊಡಕು ಬಂದದ್ದು ಬೇರೆ ಕಡೆಯಿಂದ. ಆಸನಕ್ಕೆ ಆರು ಪಟ್ಟಿಗಳು. ಅವುಗಳಲ್ಲಿ ಎರಡು ಹೆಗಲ ಮೇಲಿನಿಂದ ಎದೆಗೆ ಬಿಗಿಯುತ್ತವೆ. ಮಗನ ಎದೆಯ ಮೇಲೆ ಅವನ ಅಜ್ಜನ ಬೆಳ್ಳಿಯ ಕರಡಿಗೆ. ಸ್ಪರ್ಧೆಯ ನಿಯಮಗಳಲ್ಲಿ ಕೊರಳಿನಲ್ಲಿ ಲೋಹದ ಸರ ಧರಿಸುವುದಕ್ಕೆ ನಿಷೇಧವಿದೆ. ಡಿಕ್ಕಿಯಾದರೆ ಪಟ್ಟಿ ಅದನ್ನು ಎದೆಯೆಲುಬಿಗೇ ಒತ್ತುತ್ತದೆ. “ಒಂದು ತಾಸು ತೆಗೆದು ನಿನ್ನ ಕೈಯಾಗ ಕೊಡ್ಲ್ಯಾ?” ಎಂದು ಕೇಳಿದ. ಲಿಂಗಧಾರಣೆಯಾದಂದಿನಿಂದ ಅಂಗದಿಂದ ಅಗಲಿಸದ ಇಷ್ಟಲಿಂಗವನ್ನು ಪ್ರಾಣಕ್ಕೆ ಅಪಾಯವಿರುವ ಹೊತ್ತಿನಲ್ಲಿಯೇ ತೆಗೆದಿಡುವುದೇ? ನನ್ನ ಮನಸ್ಸು ಒಪ್ಪಲಿಲ್ಲ. ಇಡೀ ಸಂಗತಿಯನ್ನೇ ಕೈಬಿಡಲು ಹೇಳುವವಳಿದ್ದೆ.

ಮಠದ ಹಿರಿಯರೊಬ್ಬರ ಮುಂದೆ ಇದನ್ನು ನಿವೇದಿಸಿಕೊಂಡೆವು. ಅವರು ನಗಲೂ ಇಲ್ಲ, ಗದರಿಸಲೂ ಇಲ್ಲ. “ಕರಡಿಗೆ ಬೇರೆ, ಲಿಂಗ ಬೇರೆ ತಾಯಿ. ಬೆಳ್ಳಿ ಮನೆಯಲ್ಲಿ ಇರಲಿ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ನೂಲಿನ ಶಿವದಾರದಿಂದ ತೋಳಿಗೆ ಕಟ್ಟಿಕೊಳ್ಳಲಿ, ಹಾಗೆ ಧರಿಸುವವರು ಹಿಂದಿನಿಂದಲೂ ಇದ್ದಾರೆ” ಎಂದರು. ಬಳಿಕ ಮಗನತ್ತ ತಿರುಗಿ, “ತೋಳಿನಲ್ಲಿ ಲಿಂಗವಿದ್ದಾಗ ಅದೇ ಕೈಯಿಂದ ರಸ್ತೆಯ ಮೇಲೆ ಹೇಗೆ ಗಾಡಿ ನಡೆಸುತ್ತೀ ಎಂಬುದನ್ನೂ ನೆನಪಿಡು” ಎಂದಷ್ಟೇ ಹೇಳಿದರು. ನೂರು ಬೈಗುಳ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ನಮ್ಮ ಓಣಿಯ ಮಗ್ಗದಲ್ಲಿ ನೇಯ್ದ ಬಿಳಿಯ ಅರಿವೆಯನ್ನು ನಾನೇ ಹೊಲಿದುಕೊಟ್ಟೆ.

2024ರ ಆರಂಭದಲ್ಲಿ ಗಾಡಿಯನ್ನು ಲಾರಿಗೆ ಏರಿಸಿ, ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸಾಗಿ ಕೊಯಮತ್ತೂರಿಗೆ ಹೋದೆವು. ಹಟ ಮಾಡಿ ನಾನೂ ಹೋದೆ. ಮೊದಲು ಪರಿಶೀಲನೆ: ಬ್ರೇಕು, ಪಟ್ಟಿ, ಎಣ್ಣೆಯ ಸೋರಿಕೆ, ಹೆಲ್ಮೆಟ್. ಆಂಬುಲೆನ್ಸ್ ಸಿದ್ಧವಾಗಿ ನಿಂತಿತ್ತು. ತಿರುವುಗಳಲ್ಲಿ ಬಾವುಟ ಹಿಡಿದವರಿದ್ದರು. ಹಳದಿ ತೋರಿಸಿದರೆ ಮುಂದೆ ಅಪಾಯ, ಯಾರೂ ಯಾರನ್ನೂ ದಾಟುವಂತಿಲ್ಲ; ಕೆಂಪು ತೋರಿಸಿದರೆ ಓಟವೇ ನಿಲ್ಲಬೇಕು. ಎಷ್ಟೇ ವೇಗದಲ್ಲಿದ್ದವನೂ ಆ ತುಂಡು ಬಟ್ಟೆಗೆ ತಲೆಬಾಗುವುದನ್ನು ಕಂಡು ಬೆರಗಾದೆ.

ನಾಲ್ಕನೆಯ ಸುತ್ತಿನಲ್ಲಿ ನಮ್ಮ ಬಿಳಿಯ ಗಾಡಿ ತಿರುವಿನಲ್ಲಿ ಜಾರಿ, ಬುಗುರಿಯಂತೆ ಗಿರ್ರನೆ ತಿರುಗಿ, ಧೂಳಿನಲ್ಲಿ ಮುಚ್ಚಿಹೋಯಿತು. ಹಳದಿ ಬಾವುಟ ಏರಿತು. ಧೂಳು ಇಳಿಯುವವರೆಗೆ ನಾನು ಪಂಚಾಕ್ಷರಿ ಜಪಿಸುತ್ತಿದ್ದೆನೋ, ಬರಿದೇ ತುಟಿ ಅಲುಗಿಸುತ್ತಿದ್ದೆನೋ ತಿಳಿಯದು. ಅಪ್ಪಳಿಸಲು ಅಲ್ಲಿ ಮರವಿರಲಿಲ್ಲ, ಲಾರಿ ಇರಲಿಲ್ಲ, ಬಯಲು ಮಾತ್ರವಿತ್ತು. ಗಾಡಿ ಮೆಲ್ಲನೆ ಹೊರಳಿ ಪಥಕ್ಕೆ ಬಂದಿತು. ಇಳಿದು ಬಂದ ಮಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅವನಿಗೂ ಇಷ್ಟು ಬಯಲು ಸಿಕ್ಕಿದ್ದರ…” ಎಂದು ಅರ್ಧಕ್ಕೇ ನಿಲ್ಲಿಸಿದ. ಯಾರನ್ನು ನೆನೆದನೆಂದು ನಾನು ಕೇಳಬೇಕಾಗಿರಲಿಲ್ಲ.

ಇದು ಸರಿಯೋ ತಪ್ಪೋ ಎಂದು ಬಂಧುಗಳು ಈಗಲೂ ಕೇಳುತ್ತಾರೆ. ಖರ್ಚು ಆಗಿದೆ, ಅಂಜಿಕೆಯೂ ಪೂರ್ತಿ ಹೋಗಿಲ್ಲ. ಆದರೆ ಮಗನು ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿಬರುತ್ತಾನೆ. ಉಳಿದ ದಿನಗಳಲ್ಲಿ ಖಾನಾಪುರದ ರಸ್ತೆಯಲ್ಲಿ ಹಿಂದಿನವರು ಹಾರ್ನು ಹೊಡೆದು ದಾಟಿ ಹೋದರೂ ಸೈರಿಸಿಕೊಂಡು ಗಾಡಿ ನಡೆಸುತ್ತಾನೆ. ಅವನ ಪಕ್ಕದಲ್ಲಿ ಕುಳಿತು ನಾನೇ ನೋಡಿದ್ದೇನೆ.

ಝೆನ್ ಗಾಡಿಯಿಂದ ಕಳಚಿದ ಹಿಂದಿನ ಆಸನವನ್ನು ಗುಜರಿಗೆ ಕೊಡಲು ನಾನು ಬಿಡಲಿಲ್ಲ. ಅದು ಈಗ ನಮ್ಮ ಪಡಸಾಲೆಯಲ್ಲಿದೆ. ಮಗನು ಊರಿಗೆ ಹೋದ ದಿನಗಳಲ್ಲಿ ಫೋನು ಬರುವವರೆಗೆ ನಾನು ಕುಳಿತಿರುವುದು ಅದರ ಮೇಲೆಯೇ.