ಸದ್ದು ಹುಡುಕಿಕೊಂಡು ಹುಬ್ಬಳ್ಳಿಗೆ

ಚಿಗವ್ವನ ಎದೆಯೊಳಗೆ ಗಡಿಯಾರವಿದೆ ಎಂದೇ ನಮ್ಮ ಮನೆಯ ಹುಡುಗರು ನಂಬಿದ್ದರು. ಚಿಕ್ಕಂದಿನ ಕೀಲುವಾತದ ಜ್ವರ ಅವಳ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. ಅದನ್ನು ತೆಗೆದು ಕೃತಕ ಕವಾಟ ಕೂಡಿಸಿ 9 ವರ್ಷವಾಗಿತ್ತು. ನವಲಗುಂದದ ಮನೆಯಲ್ಲಿ ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತರೆ ಪಡಸಾಲೆಯ ತನಕ ಕೇಳುತ್ತಿತ್ತು ಆ ಟಿಕ್ ಟಿಕ್.

ಎಳ್ಳ ಅಮಾವಾಸ್ಯೆ ಮುಗಿದು ವಾರವಾಗಿತ್ತು. ನಸುಕಿನಲ್ಲಿ ಎದ್ದು ಕೂತವಳು, "ತಮ್ಮಾ, ಸಪ್ಪಳ ಕೇಳವಲ್ದು ನೋಡೋ" ಅಂದಳು. ಕಿವಿಗೊಟ್ಟೆ. ತುಸು ಏದುಸಿರು ಬಿಟ್ಟರೆ ಏನೂ ಇಲ್ಲ. ನೋವಿಲ್ಲ, ಜ್ವರವಿಲ್ಲ. ಆದರೆ ಆಪರೇಷನ್ ಮುಗಿಸಿ ಮನೆಗೆ ಹೊರಟ ದಿನ ನರ್ಸಮ್ಮ ಹೇಳಿದ ಮಾತನ್ನು ಅವಳು ಮರೆತಿರಲಿಲ್ಲ: ಸದ್ದು ಮಂದವಾದರೆ ಒಂದು ತಾಸೂ ತಡ ಮಾಡಬೇಡಿ.

ಪಕ್ಕದ ಮನೆಯವರು ಕಾರು ತೆಗೆದರು. ಬೆಣ್ಣೆಹಳ್ಳದ ಮೇಲೆ ಮಂಜು. ಎರಡೂ ಕಡೆ ಎರೆ ಹೊಲ, ಹೂ ಬಿಟ್ಟ ಕಡಲೆ, ತೆನೆ ತುಂಬಿದ ಬಿಳಿಜೋಳ. ಎಷ್ಟು ಸಲ ಕಂಡ ದಾರಿ! ಆ ದಿನ ಮಾತ್ರ ನಾನು ಕಿವಿಯಾಗಿಯೇ ಕೂತಿದ್ದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ದಾಟುವಾಗ ಬೀದಿದೀಪ ಇನ್ನೂ ಆರಿರಲಿಲ್ಲ. ಧಾರವಾಡದ ರಸ್ತೆಯಲ್ಲಿ ಚಿಗರಿ ಬಸ್ಸುಗಳು ತಮ್ಮದೇ ಹಾದಿಯಲ್ಲಿ ಓಡುತ್ತಿದ್ದವು. ಉಣಕಲ್ ಕೆರೆ ಕಂಡಾಗ ಚಿಗವ್ವ ಕೈಮುಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಕೇಳಿದರು. ಆಮೇಲೆ, "ಕಾರ್ಡ್ ಐತೇನ್ರಿ?" ಎಂದರು. ಎಲೆ ಅಡಿಕೆ ಚೀಲದ ಒಳಜೇಬಿನಿಂದ, ಸುಣ್ಣದ ಕಲೆ ಹತ್ತಿದ ಕವಾಟದ ಕಾರ್ಡನ್ನು ಚಿಗವ್ವ ತೆಗೆದುಕೊಟ್ಟಳು. ಯಾವ ಕವಾಟ ಎಂಬುದರ ಮೇಲೆ ಪರೀಕ್ಷೆ ನಿಲ್ಲುತ್ತದೆ ಎಂದು ನನಗೆ ಅಲ್ಲಿಯೇ ತಿಳಿದದ್ದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಕಟ್ಟಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಗೆ ಜೋಡಿಸಿದ ಚಿತ್ರಾ ಕವಾಟದ ಬಿಲ್ಲೆ ಪ್ಲಾಸ್ಟಿಕ್ಕಿನದು. ಎಕ್ಸ್-ರೇಗೆ ಕಾಣದು, ಎಕೋವನ್ನೇ, ಅಂದರೆ ಹೃದಯದ ಅಲ್ಟ್ರಾಸೌಂಡನ್ನೇ, ನಂಬಬೇಕು. ಚಿಗವ್ವನದು ಎರಡು ರೆಕ್ಕೆಯ ಇಂಗಾಲದ ಕವಾಟ, ಎಕ್ಸ್-ರೇಗೆ ಸಿಕ್ಕುವಂಥದ್ದು.

ಎಕೋದಲ್ಲಿ ಕವಾಟದ ಮುಂದೆ ಒತ್ತಡ ಏರಿತ್ತು. ರಕ್ತ ತೆಳುವಾಗಿರುವ ಅಳತೆ, ಐಎನ್ಆರ್, 2.5ರಿಂದ 3.5ರ ನಡುವೆ ಇರಬೇಕಾದದ್ದು 1.4ಕ್ಕೆ ಇಳಿದಿತ್ತು. ಆಮೇಲೆ ಫ್ಲೋರೋಸ್ಕೋಪಿ, ಅಂದರೆ ಚಲಿಸುವ ಎಕ್ಸ್-ರೇ. ಡಾಕ್ಟರು ನನ್ನನ್ನು ಗಾಜಿನ ಈಚೆ ನಿಲ್ಲಿಸಿ ಪರದೆ ತೋರಿಸಿದರು. ಬೂದು ಮಂಜಿನಲ್ಲಿ ಒಂದು ಸಣ್ಣ ಉಂಗುರ, ಅದರೊಳಗೆ ಪೆನ್ಸಿಲ್ಲಿನಿಂದ ಎಳೆದಂಥ ಎರಡು ಗೆರೆ. ಒಂದು ಗೆರೆ ಪಾರಿವಾಳದ ರೆಕ್ಕೆಯ ಹಾಗೆ ಬಡಿಯುತ್ತಿತ್ತು. ಇನ್ನೊಂದು ಅಲುಗಲಿಲ್ಲ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. 9 ವರ್ಷದಲ್ಲಿ 30 ಕೋಟಿಗೂ ಮೀರಿ ತೆರೆದು ಮುಚ್ಚಿದ ರೆಕ್ಕೆ ಅದು. ಜೀವ ಇಷ್ಟು ತೆಳುವಾದ ಗೆರೆಯ ಮೇಲೆ ನಡೆದುಬಂದಿತ್ತೇ ಎಂದು ನನ್ನ ಮೈ ಝುಂ ಅಂದಿತು.

ಆ ರೆಕ್ಕೆಯ ಕೀಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಕ್ತ ತೆಳುವಾಗಿಡುವ ಗುಳಿಗೆ ಸರಿಯಾಗಿ ನುಂಗುವವರಿಗೆ ಇದು ಅಪರೂಪ. "ಗುಳಿಗಿ ಒಂದಿನಾನೂ ಬಿಟ್ಟಿಲ್ರಿ" ಎಂದು ಚಿಗವ್ವ ಆಣೆ ಇಟ್ಟಳು. ಡಾಕ್ಟರು ಊಟ ಕೇಳಿದರು. ಅಲ್ಲಿ ಸಿಕ್ಕಿತು ಗುಟ್ಟು. ಚಳಿಗಾಲದ ಹೊಲದ ಹಸಿ ತಪ್ಪಲ! ಹಕ್ಕರಕಿ, ಮೆಂತೆ, ಕಡ್ಲಿ ಕುಡಿ, ಎರಡೂ ಹೊತ್ತು ರೊಟ್ಟಿಯ ಜೊತೆ ಕಟ್ಟುಗಟ್ಟಲೆ. ಹಸಿರೆಲೆಯಲ್ಲಿರುವ ವಿಟಮಿನ್ ಕೆ, ವಾರ್ಫರಿನ್ ಗುಳಿಗೆಯ ಕೆಲಸವನ್ನೇ ತಡೆಯುತ್ತದೆ.

ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಹನಿಹನಿಯಾಗಿ ಇಳಿಯತೊಡಗಿತು. ತುಣುಕು ಕಿತ್ತು ಮಿದುಳಿಗೆ ಹೋಗಬಹುದು, ಎಲ್ಲಾದರೂ ರಕ್ತ ಸೋರಬಹುದು ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಆ ರಾತ್ರಿ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನಾನು ಗೋಡೆಯ ಗಡಿಯಾರವನ್ನು ದ್ವೇಷಿಸಿದೆ. ಅದರ ಸದ್ದು ನನಗೆ ಬೇಕಾದ ಸದ್ದಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಒಳಗೆ ಬಿಟ್ಟರು. ಯಂತ್ರಗಳ ಪೀಂ ಪೀಂ ನಡುವೆ ಬಾಗಿ ಅವಳ ಎದೆಯ ಹತ್ತಿರ ಕಿವಿ ಇಟ್ಟೆ. ಟಿಕ್. ಟಿಕ್. ಮತ್ತೆ ಫ್ಲೋರೋಸ್ಕೋಪಿ ಮಾಡಿದಾಗ ಪರದೆಯ ಮೇಲೆ ಎರಡೂ ಗೆರೆ ಕೂಡಿ ಬಡಿಯುತ್ತಿದ್ದವು.

ಬಿಡುಗಡೆಯ ದಿನ ಡಾಕ್ಟರು ತಪ್ಪಲ ಬಿಡಬೇಡಿ, ದಿನವೂ ಒಂದೇ ಅಳತೆಯಲ್ಲಿ ತಿನ್ನಿ ಎಂದರು. ಊರ ಬಾಯಿಗೆ ಬರುತ್ತಲೇ ಚಿಗವ್ವ ಕಾರು ನಿಲ್ಲಿಸಿದಳು. ಮಾರುವವಳು ಎರಡು ಕಟ್ಟು ಮೆಂತೆ ಕೊಟ್ಟಳು. ಚಿಗವ್ವ ಒಂದನ್ನು ಬುಟ್ಟಿಗೆ ಹಿಂದಿಟ್ಟು, ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.