ಅಟ್ಟವಿರುವ ದೋಣಿ

ವಿದ್ಯಾನಗರ, ಹುಬ್ಬಳ್ಳಿ
6 ನವೆಂಬರ್ 2025, ಗುರುವಾರ

ಕಾರವಾರದಿಂದ ತಮ್ಮನ ಮಗ ಕಳಿಸಿದ ನಕ್ಷೆ ಬಂತು. ಊಟದ ಮೇಜಿನ ಮೇಲೆ ಹಾಸಿಕೊಂಡು ಕೂತೆ. ಉದ್ದ 9 ಮೀಟರ್, ಅಗಲ 2.8. ಫೈಬರ್ ಒಡಲು, ಡೀಸೆಲ್ ಇಂಜಿನ್, ಇಬ್ಬರು ಮಲಗುವ ಕ್ಯಾಬಿನ್, ಪುಟ್ಟ ಅಡಿಗೆ ಕಟ್ಟೆ, ಒಂದು ಶೌಚಾಲಯ. ಕ್ಯಾಬಿನ್ನಿನ ನೆತ್ತಿಯ ಮೇಲೆ ಸುತ್ತ ಕಂಬಿ ಹಾಕಿ, ಕುರ್ಚಿ ಜೋಡಿಸಿದ ಒಂದು ಅಟ್ಟ. ಹನ್ನೆರಡು ಜನಕ್ಕೆ ಎಂದು ಬರೆದಿದ್ದಾರೆ. ಆ ಹನ್ನೆರಡು ಮಂದಿ ಎಲ್ಲೆಲ್ಲಿ ಕೂಡುತ್ತಾರೆ ಎನ್ನುವುದು ಹಾಳೆಯಲ್ಲಿ ಎಲ್ಲೂ ಇಲ್ಲ.

ಹುಡುಗನ ಯೋಜನೆ ಚಲೋ ಇದೆ. ಹಗಲು ಕಾಳಿ ನದಿಯಲ್ಲಿ ಪ್ರವಾಸಿಗಳನ್ನು ತಿರುಗಾಡಿಸುವುದು, ರಾತ್ರಿ ಒಂದು ಸಣ್ಣ ಸಂಸಾರಕ್ಕೆ ತಂಗಲು ಕೊಡುವುದು. ಸಾಲ ಮಂಜೂರಾಗಿದೆ. "ಕಾಕಾ, ಒಮ್ಮೆ ಬಂದು ನೋಡ್ರಿ. ನೀವು ಹೂಂ ಅಂದ ಮ್ಯಾಲೆ ಮುಂಗಡ ಕೊಡತೇನಿ" ಅಂದ. ಕಾಲೇಜಿನಲ್ಲಿ ಇಷ್ಟು ವರ್ಷ ತೇಲುವ ವಸ್ತುಗಳ ಪಾಠ ಮಾಡಿದವನಿಗೆ ಇದಕ್ಕಿಂತ ದೊಡ್ಡ ಪರೀಕ್ಷಾ ಪತ್ರಿಕೆ ಬರಲಾರದು.

ಮನಸ್ಸು ಆ ಅಟ್ಟದಲ್ಲೇ ಸಿಕ್ಕಿಕೊಂಡಿದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹನ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಎದುರಿಗೇ ಮಗುಚಿತು. ಹದಿನಾರು ಜನ ಹೋದರು. ಅವರಲ್ಲಿ ನಮ್ಮ ಹಾವೇರಿ ಕಡೆಯವರೂ ಇದ್ದರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಇಪ್ಪತ್ತೆರಡು ಜನ. ಅದು ಎರಡಂತಸ್ತಿನ ದೋಣಿ, ಮೀನು ಹಿಡಿಯುವುದನ್ನು ಪ್ರವಾಸಕ್ಕೆಂದು ಮಾರ್ಪಡಿಸಿದ್ದು. ಎರಡೂ ಕಡೆ ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು.

9 ನವೆಂಬರ್, ರವಿವಾರ
ಕಾರವಾರ

ನಿನ್ನೆ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲಿಂದ ಬಂದೆ. ಇವತ್ತು ಬೆಳಿಗ್ಗೆ ಉಬ್ಬರದ ಹೊತ್ತಿಗೆ ದೋಣಿ ನೋಡಿದೆವು.

ಮೊದಲ ನೋಟಕ್ಕೆ ಯಾರೂ ಮೆಚ್ಚುವಂಥದ್ದು. ಫೈಬರಿನ ಕೆಲಸ ಶುದ್ಧವಾಗಿದೆ, ಬೆರಳಾಡಿಸಿದರೆ ಎಲ್ಲೂ ತೊಡಕಿಲ್ಲ. ಒಡಲಿನ ಅಡಿಯಲ್ಲಿ ಪಂಖಾಕ್ಕೆ ಮುಂದಾಗಿ ದಪ್ಪ ಏಣು ಬಿಟ್ಟಿದ್ದಾರೆ. ಮರಳು ದಿಬ್ಬ ತಾಗಿದರೂ ಪಂಖಾ ಉಳಿಯುತ್ತದೆ. ಕಾಳಿಯಲ್ಲಿ ಇದು ಬೇಕೇ ಬೇಕು. ಉಬ್ಬರ ಇಳಿತ ಒಂದು ಕಡೆ, ಕದ್ರಾದ ವಿದ್ಯುದಾಗಾರದಿಂದ ಬಿಡುವ ನೀರು ಇನ್ನೊಂದು ಕಡೆ, ಇವೆರಡರ ನಡುವೆ ನದಿಯ ಆಳ ದಿನಕ್ಕೊಂದು ಥರ. ಇಂಜಿನ್ ಮೇಲಿನ ಮುಚ್ಚಳ ಎತ್ತಿದರೆ ಫಿಲ್ಟರು, ಬೆಲ್ಟು, ಉಪ್ಪು ನೀರಿನ ಪಂಪು ಎಲ್ಲವೂ ಕೈಗೆ ಸಿಗುತ್ತವೆ. ಕಟ್ಟಿದವರಿಗೆ ರಿಪೇರಿ ಮಾಡಿದ ಅನುಭವ ಇದೆ.

ಒಳಗೆ ಹೋದಂತೆ ಸಂತೋಷ ಇಳಿಯತೊಡಗಿತು. ಅಡಿಗೆ ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಗ್ಯಾಸ್ ಸಿಲಿಂಡರ್. ಅಡಿಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ಕಿಟಕಿ ತೆಗೆಯಬಹುದು. ದೋಣಿಯಲ್ಲಿ ಅದು ನೀರಿನ ಹಾಗೆ ಇಳಿದು ತಳದ ಗುಂಡಿಯಲ್ಲಿ ನಿಲ್ಲುತ್ತದೆ, ಹೊರಗೆ ಹೋಗಲು ದಾರಿಯೇ ಇಲ್ಲ. ಅಲ್ಲೇ ಪಕ್ಕದಲ್ಲಿ, ಹಾಸಿಗೆಯ ಕೆಳಗೆ, ಬ್ಯಾಟರಿ. ಒಂದು ಕಿಡಿ ಸಾಕು. ಸಿಲಿಂಡರು ಹೊರಗೆ ಡೆಕ್ಕಿನ ಮೇಲೆ, ತಳದಲ್ಲಿ ನೀರಿನ ಕಡೆಗೆ ತೂತಿರುವ ಪೆಟ್ಟಿಗೆಯಲ್ಲಿ ಇರಬೇಕು.

ಶೌಚಾಲಯದ ಬಾಗಿಲು ಒಳಕ್ಕೆ ತೆರೆಯುತ್ತದೆ. ವಯಸ್ಸಾದವರು ತಲೆ ತಿರುಗಿ ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನವರು ತೆಗೆಯುವುದು ಹೇಗೆ? ಕ್ಯಾಬಿನ್ನಿನ ಹೊರಮಗ್ಗುಲಲ್ಲಿ ಮೂತಿಯ ಕಡೆಗೆ ಹೋಗುವ ಕಾಲುದಾರಿ ನನ್ನ ಅಂಗೈ ಅಗಲಕ್ಕಿಂತ ಎರಡು ಬೆರಳು ಹೆಚ್ಚು, ಹಿಡಿಯಲು ಕಂಬಿಯಿಲ್ಲ. ಲಂಗರು ಇರುವುದು ಆ ಮೂತಿಯಲ್ಲಿ. ಮಳೆ ಬಿದ್ದ ರಾತ್ರಿ ಅಲ್ಲಿಗೆ ಹೋಗುವವನು ಪ್ರತಿಸಲವೂ ಜೀವ ಪಣಕ್ಕಿಡಬೇಕು. ನೀರಿಗೆ ಬಿದ್ದವರು ಮತ್ತೆ ಹತ್ತಲು ಏಣಿಯೂ ಇಲ್ಲ. ಒದ್ದೆ ಬಟ್ಟೆಯ ಆಳನ್ನು ಬರಿಗೈಯಲ್ಲಿ ಮೇಲೆಳೆಯುವುದು ಇಬ್ಬರು ಗಟ್ಟಿಮುಟ್ಟಾದವರಿಗೂ ಕಷ್ಟ.

ಊಟವಾದ ಮೇಲೆ ಓಲಾಟದ ಪರೀಕ್ಷೆ. ಹಗ್ಗ ಸಡಿಲ ಬಿಟ್ಟು, ನಾಲ್ಕು ಜನ ಅಂಚು ಹಿಡಿದು ಒತ್ತಿ ಒತ್ತಿ ತೂಗಿಸಿ ಕೈಬಿಟ್ಟರು. ಗಡಿಯಾರ ಹಿಡಿದು ನಿಂತೆ. ಖಾಲಿ ದೋಣಿ ಒಮ್ಮೆ ಅತ್ತ ಇತ್ತ ಓಲಿ ಬರಲು ಎರಡೂವರೆ ಸೆಕೆಂಡ್. ಚುರುಕಾದ, ಹಟಮಾರಿ ಓಲಾಟ. ನಂತರ ಎಂಟು ಜನರಿಗೆ ಲೈಫ್ ಜಾಕೆಟ್ ತೊಡಿಸಿ ಅಟ್ಟದ ಮೇಲೆ ಕೂರಿಸಿದೆ. ಈಗ ಒಂದು ಓಲಾಟಕ್ಕೆ ನಾಲ್ಕು ಸೆಕೆಂಡ್.

"ನೋಡ್ರಿ ಸರ್, ಜನ ಹತ್ತಿದ ಮ್ಯಾಲೆ ಎಷ್ಟು ಮೆತ್ತಗ ತೂಗತೈತಿ" ಎಂದು ಮಾರುವವರ ಕಡೆಯವನು ಹೆಮ್ಮೆಯಿಂದ ಹೇಳಿದ. ದಂಡೆಯಲ್ಲಿ ನಿಂತ ಎಲ್ಲರಿಗೂ ಹಾಗೇ ಅನಿಸಿತ್ತು. ಅಪಾಯ ಇರುವುದೇ ಆ ಮೆತ್ತಗಿನಲ್ಲಿ. ವಾಲಿದ ದೋಣಿಯನ್ನು ನೆಟ್ಟಗೆ ಮಾಡುವ ಬಲ ಗಟ್ಟಿಯಿದ್ದರೆ ಅದು ಬೇಗ ಮರಳುತ್ತದೆ. ಭಾರ ಮೇಲಕ್ಕೇರಿದಂತೆ ಆ ಬಲ ಕುಂದಿ, ದೋಣಿ ನಿಧಾನವಾಗುತ್ತದೆ. ಕೊನೆಗೊಮ್ಮೆ ವಾಲಿದ್ದು ವಾಲಿದಂತೆಯೇ ಉಳಿಯುತ್ತದೆ. ಆ ಬಲವನ್ನು ಅಂದಾಜು ಮಾಡಲು ಸಣ್ಣ ದೋಣಿಗಳಿಗೆ ಬಳಸುವ ಸೂತ್ರ ಇದೆ, ಅದರ ಉತ್ತರ ಮೀಟರಿನಲ್ಲಿ ಬರುತ್ತದೆ: ಅಗಲದ ಹತ್ತರಲ್ಲಿ ಎಂಟು ಪಾಲನ್ನು ಓಲಾಟದ ಸಮಯದಿಂದ ಭಾಗಿಸಿ ವರ್ಗ ಮಾಡುವುದು. ಖಾಲಿ ಇದ್ದಾಗ 0.8 ಮೀಟರ್ ಬಂದದ್ದು, ಎಂಟು ಜನ ಅಟ್ಟಕ್ಕೇರಿದಾಗ 0.3ಕ್ಕೆ ಇಳಿದಿತ್ತು. ಅದೂ ಎಲ್ಲರೂ ನಟ್ಟನಡುವೆ ಅಲುಗಾಡದೆ ಕೂತಿದ್ದಾಗ. ಅಳಿವೆಯ ಹೊರಗೆ ಡಾಲ್ಫಿನ್ ಕಾಣಿಸಿ ಯಾರಾದರೂ "ಅಕೋ!" ಎಂದು ಕೂಗಿದರೆ ಎಂಟೂ ಜನ ಫೋನು ಹಿಡಿದು ಒಂದೇ ಕಂಬಿಗೆ ಬರುತ್ತಾರೆ. ಅವರನ್ನು ಬೈದು ಫಲವಿಲ್ಲ, ಅದನ್ನು ನೋಡಲೆಂದೇ ದುಡ್ಡು ಕೊಟ್ಟು ಬಂದವರು. ದೋಣಿ ಕಟ್ಟುವವನು ಆ ಕ್ಷಣಕ್ಕೆಂದೇ ಕಟ್ಟಬೇಕು.

ಹುಡುಗ ಸಂಜೆಯೆಲ್ಲ ಮಾತಾಡಲಿಲ್ಲ. ಅಟ್ಟದ ಚಿತ್ರ ಹಾಕಿಯೇ ಅವನು ಜಾಹೀರಾತು ಮಾಡಿಸಿದ್ದಾನೆ.

12 ನವೆಂಬರ್, ಬುಧವಾರ
ವಿದ್ಯಾನಗರ

ಪತ್ರ ಬರೆದು ಕಳಿಸಿದೆ. ದೋಣಿ ಬೇಡ ಎಂದು ಬರೆಯಲಿಲ್ಲ, ಏಕೆಂದರೆ ಒಡಲು ನಿಜವಾಗಿಯೂ ಒಳ್ಳೆಯದು. ಅಟ್ಟದ ಕುರ್ಚಿ, ಕಂಬಿ, ಏಣಿ ಮೂರನ್ನೂ ತೆಗೆಸು; ಅಲ್ಲಿ ಸೋಲಾರ್ ಹಲಗೆ ಹಾಕಿಸು, ಫ್ಯಾನು ದೀಪಕ್ಕಾಯಿತು. ಏಣಿ ಇದ್ದರೆ "ಮೇಲೆ ಹತ್ತಬೇಡಿ" ಎಂಬ ಬೋರ್ಡನ್ನು ಯಾರೂ ಓದುವುದಿಲ್ಲ. ಕೂರುವ ಜಾಗವನ್ನು ಹಿಂದಿನ ತಗ್ಗು ಡೆಕ್ಕಿಗೆ ತಾ, ಮೇಲೆ ಬಟ್ಟೆಯ ನೆರಳು ಕಟ್ಟು. ನೋಟ ಒಂದೂವರೆ ಮೀಟರ್ ಕೆಳಗಾಗುತ್ತದೆ, ಆದರೆ ನೀರು ಕೈಗೆಟುಕುತ್ತದೆ. ಪ್ರವಾಸಿಗೆ ಅದೂ ಸುಖವೇ. ಕ್ಯಾಬಿನ್ನಿನ ಗಾಜುಗಳು ತೆರೆಯುವಂತಿರಲಿ, ಕಾರವಾರದ ಏಪ್ರಿಲ್ಲಿನಲ್ಲಿ ಮುಚ್ಚಿದ ಫೈಬರ್ ಡಬ್ಬಿಯಲ್ಲಿ ಯಾರೂ ನಿದ್ದೆ ಮಾಡಲಾರರು.

ಹನ್ನೆರಡು ಎಂಬ ಅಂಕಿಯನ್ನು ಎಂಟಕ್ಕೆ ಇಳಿಸಲು ಹೇಳಿದ್ದೇನೆ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಸಮೀಕ್ಷೆ, ನೋಂದಣಿ ಹೇಗೂ ಆಗಬೇಕು. ಆದರೆ ಸಮೀಕ್ಷಕರು ಬರೆದುಕೊಡುವ ಸಂಖ್ಯೆ ಮಿತಿ. ಅಷ್ಟೂ ಜನರನ್ನು ತುಂಬಲೇಬೇಕು ಎಂಬ ಕಟ್ಟಳೆ ಇಲ್ಲ.

15 ನವೆಂಬರ್, ಶನಿವಾರ

ರಾತ್ರಿ ಫೋನ್ ಬಂತು. ಸಿಲಿಂಡರಿನ ಪೆಟ್ಟಿಗೆ, ಹೊರಕ್ಕೆ ತೆರೆಯುವ ಬಾಗಿಲು, ಹಿಂದೆ ಏಣಿ, ಕಾಲುದಾರಿಗೆ ಕಂಬಿ: ಎಲ್ಲದಕ್ಕೂ ಕಟ್ಟುವವರು ಒಪ್ಪಿದ್ದಾರೆ. ಕಾಲುದಾರಿಯನ್ನು ಅಗಲ ಮಾಡಲಾಗದು, ಅದು ಅಚ್ಚಿನಲ್ಲೇ ಹಾಗಿದೆಯಂತೆ. ಲಂಗರನ್ನು ಕ್ಯಾಬಿನ್ನಿನ ಮುಂದಿನ ಕಿಂಡಿಯಿಂದಲೇ ಎಳೆಯುವ ಹಾಗೆ ಮಾಡಿಸು ಅಂದೆ.

ಅಟ್ಟದ ಮಾತಿಗೆ ಸ್ವಲ್ಪ ತಡೆದ. "ಕಾಕಾ, ಜನ ಅದನ್ನ ಕೇಳಿಕೊಂಡ ಬರತಾರ್ರಿ." ನಾನು ಸುಮ್ಮನಿದ್ದೆ. ಆಮೇಲೆ ಅವನೇ, "ತೆಗಸತೇನಿ" ಅಂದ. ಜನವರಿಯ ಕೂರ್ಮಗಡದ ಜಾತ್ರೆಗೆ ದೋಣಿ ಬಿಡುವುದಿಲ್ಲ, ನದಿ ಬಿಟ್ಟು ಸಮುದ್ರಕ್ಕೆ ಒಯ್ಯುವುದಿಲ್ಲ ಎಂದೂ ಮಾತು ಕೊಟ್ಟ.

ಬದಲಾವಣೆ ಮುಗಿದ ಮೇಲೆ ಮತ್ತೆ ಹೋಗುತ್ತೇನೆ. ಈ ಸಲ ಜನ ಬೇಡ, 75 ಕಿಲೋದ ಎಂಟು ಮರಳಿನ ಚೀಲ ತಯಾರಿಡಲು ಹೇಳಿದ್ದೇನೆ. ಎಲ್ಲವನ್ನೂ ಒಂದೇ ಮಗ್ಗುಲಿಗೆ ಪೇರಿಸಿ ದೋಣಿ ಎಷ್ಟು ವಾಲುತ್ತದೆ ಎಂದು ಅಳೆಯಬೇಕು. ಮುಂಗಡ ಆಮೇಲೆ.