ಮೇನ್‌ಕ್ರಾಪ್ ಕಲಿಸಿದ ಪಾಠ

ಹಾಸನದ ಕಡೆ ಆಲೂಗೆಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಒಂದೂಕಾಲು ಗುಂಟೆ ಯಾವ ಲೆಕ್ಕ? ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ನನ್ನ ಹೆಸರಿಗೆ ಅಲಾಟ್‌ಮೆಂಟ್ ಬಂದಾಗ ನನಗಿದ್ದದ್ದು ಈ ಧಿಮಾಕು.

ಅಲಾಟ್‌ಮೆಂಟ್ ಅಂದರೆ ತರಕಾರಿ ಬೆಳೆದುಕೊಳ್ಳಲು ಊರಿನ ಕೌನ್ಸಿಲ್ ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ. ಕೇಳುವವರಿದ್ದರೆ ಕೌನ್ಸಿಲ್ ನೆಲ ಒದಗಿಸಬೇಕು ಎನ್ನುವ ಕಾನೂನು 1908ರಷ್ಟು ಹಳೆಯದು. ಅಳತೆ ಈಗಲೂ ರಾಡ್‌ನಲ್ಲೇ ನಡೆಯುತ್ತದೆ. ಪೂರ್ತಿ ಪ್ಲಾಟ್ ಎಂದರೆ 10 ರಾಡ್, ಸುಮಾರು 250 ಚದರ ಮೀಟರ್. ನನಗೆ ಸಿಕ್ಕಿದ್ದು ಅದರಲ್ಲಿ ಅರ್ಧ.

ತೋಟಗಾರರ ಪದಗಳನ್ನೆಲ್ಲ ಮೊದಲೇ ಉರು ಹೊಡೆದಿದ್ದೆ. ಚಿಟ್ಟಿಂಗ್ ಅಂದರೆ ಬಿತ್ತನೆ ಗೆಡ್ಡೆಯನ್ನು ಬೆಳಕಿನಲ್ಲಿಟ್ಟು ಮೊಳಕೆ ಬರಿಸುವುದು. ಅರ್ಥಿಂಗ್ ಅಪ್ ಅಂದರೆ ಬುಡಕ್ಕೆ ಮಣ್ಣು ಏರಿಸುವುದು. ಪ್ರಿಕಿಂಗ್ ಔಟ್ ಅಂದರೆ ಒತ್ತೊತ್ತಾಗಿ ಹುಟ್ಟಿದ ಎಳೆ ಸಸಿಗಳನ್ನು ಒಂದೊಂದಾಗಿ ಎತ್ತಿ ಬೇರೆ ಕುಂಡಕ್ಕೆ ಹಾಕುವುದು. ಹೆಸರು ಬೇರೆಯಾದರೂ ಎಲ್ಲ ನಮ್ಮೂರಲ್ಲಿ ಮಾಡುವ ಕೆಲಸವೇ ಅಂದುಕೊಂಡೆ. ಒಂದೊಂದು ಪದಕ್ಕೂ ಒಂದು ಗಡುವು ಅಂಟಿಕೊಂಡಿರುತ್ತದೆ ಎನ್ನುವುದು ಮಾತ್ರ ತಲೆಗೆ ಹೋಗಲಿಲ್ಲ. ಮೊದಲ ವರ್ಷದ ಬೆಳೆ ಕೈಕೊಟ್ಟದ್ದು ಅಲ್ಲೇ.

ಮೊದಲು ಹೋದದ್ದು ಟೊಮೆಟೊ. ಮನೆಯೊಳಗೆ ಕಿಟಕಿಯ ಬಳಿ ಬೆಳೆಸಿದ ಸಸಿಗಳನ್ನು ಹೊರಗಿನ ಗಾಳಿ, ಚಳಿಗೆ ಒಗ್ಗಿಸುವುದಕ್ಕೆ ಹಾರ್ಡನಿಂಗ್ ಆಫ್ ಅನ್ನುತ್ತಾರೆ. ಹಗಲು ಹೊರಗೆ, ರಾತ್ರಿ ಒಳಗೆ, ಹೀಗೆ ಒಂದೆರಡು ವಾರ ಮಾಡಬೇಕು. ನಾನು ಒಂದು ಮಧ್ಯಾಹ್ನ ಬಿಸಿಲಿಗಿಟ್ಟು, ಸಂಜೆಯೇ ನಾಟಿ ಮಾಡಿ ಮುಗಿಸಿದೆ. ಈ ಸೀಮೆಯಲ್ಲಿ ಮೇ ಮೂರನೆಯ ವಾರದವರೆಗೂ ರಾತ್ರಿಯ ಹಿಮವನ್ನು ನಂಬುವಂತಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಸಸಿಗಳೆಲ್ಲ ಕಪ್ಪಾಗಿ ಜೋತುಬಿದ್ದಿದ್ದವು. ಆಮೇಲೆ ಕೊತ್ತಂಬರಿ. ಟ್ರೇಯಲ್ಲಿ ಬೆಳೆಸಿ, ಬೇರು ಅಲುಗಿಸಿ ನೆಟ್ಟೆ. ಜೂನಿನಲ್ಲಿ ಇಲ್ಲಿ ಹಗಲು 16 ಗಂಟೆ ಮೀರುತ್ತದೆ. ಬೇರು ಅಲುಗಿದ್ದಕ್ಕೂ ಆ ಉದ್ದ ಹಗಲಿಗೂ ಸೊಪ್ಪು ಒಂದು ಹಿಡಿಯಾಗುವ ಮೊದಲೇ ದಂಟು ನಿಗುರಿ ಹೂ ಬಿಟ್ಟಿತು.

ನಿಜವಾದ ಮುಖಭಂಗ ಆದದ್ದು ಆಲೂಗೆಡ್ಡೆಯಲ್ಲಿ. ಬಿತ್ತನೆ ಗೆಡ್ಡೆಯ ಚೀಲಗಳ ಮೇಲೆ ಫಸ್ಟ್ ಅರ್ಲಿ, ಸೆಕೆಂಡ್ ಅರ್ಲಿ, ಮೇನ್‌ಕ್ರಾಪ್ ಎಂದು ಬರೆದಿರುತ್ತದೆ. ಮೇನ್‌ಕ್ರಾಪ್ ಮುಖ್ಯ ಬೆಳೆ, ಉಳಿದವು ಚಿಲ್ಲರೆ ಎಂದು ತಿಳಿದು ಆಲೂಗೆಡ್ಡೆಗೆಂದು ಇಟ್ಟ ನೆಲಕ್ಕೆಲ್ಲ ಕಿಂಗ್ ಎಡ್ವರ್ಡ್ ಎಂಬ ಮೇನ್‌ಕ್ರಾಪ್ ತಳಿ ಹಾಕಿದೆ. ಆ ಹೆಸರುಗಳು ವಾರಗಳ ಲೆಕ್ಕ ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಫಸ್ಟ್ ಅರ್ಲಿಯನ್ನು ಮಾರ್ಚ್ ಕೊನೆಗೆ ನೆಟ್ಟರೆ 10–12 ವಾರದಲ್ಲಿ, ಅಂದರೆ ಜೂನಿನಲ್ಲಿ ಕೀಳಬಹುದು. ಮೇನ್‌ಕ್ರಾಪ್‌ಗೆ ನಾಲ್ಕೈದು ತಿಂಗಳು ಬೇಕು, ಆಗಸ್ಟಿನ ಮಳೆಗೂ ಅದು ಎದೆಯೊಡ್ಡಿ ನಿಲ್ಲಬೇಕು. ಅಂಗಮಾರಿ ರೋಗಕ್ಕೆ ಹಬ್ಬ ಆಗಲೇ. 1845ರಲ್ಲಿ ಐರ್ಲೆಂಡಿನ ಬೆಳೆ ನುಂಗಿದ್ದೂ, ಹಾಸನದ ಮುಂಗಾರಿನಲ್ಲಿ ಅಪ್ಪನ ನಿದ್ದೆ ಕೆಡಿಸುವುದೂ ಇದೇ ರೋಗ.

ಇಲ್ಲಿ ಅದರ ಮುನ್ನೆಚ್ಚರಿಕೆಗೆ ಹಟ್ಟನ್ ಮಾನದಂಡ ಎಂಬ ಲೆಕ್ಕವಿದೆ. ಸತತ ಎರಡು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ಕನಿಷ್ಠ ಆರು ಗಂಟೆ ಗಾಳಿಯ ತೇವಾಂಶ ಶೇ. 90 ಮುಟ್ಟಿದರೆ ರೋಗ ಬರುವ ಸಂಭವ ಹೆಚ್ಚು. ಎಚ್ಚರಿಕೆ ಮೊಬೈಲಿಗೆ ಬಂದಿತ್ತು. ಶನಿವಾರ ನೋಡಿಕೊಂಡರಾಯಿತು ಎಂದು ಸುಮ್ಮನಾದೆ. ಶನಿವಾರ ಎಲೆ ಮಗುಚಿದರೆ ಕಂದು ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು. ಗಾಬರಿಯಲ್ಲಿ ಅರ್ಧ ಸಾಲು ಕಿತ್ತು ಗೋಣಿಗೆ ತುಂಬಿದ ಮೇಲೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ.

“ಅಂಗಮಾರಿ ಕಣ್ಲಾ ಅದು. ಮೊದ್ಲು ಸೊಪ್ಪು ಕುಯ್ದು ಆಚೆಗೆ ಸಾಗ್ಸು. ಗೆಡ್ಡೆ ಈಗ್ಲೇ ಕೀಳ್‌ಬ್ಯಾಡ, ಎರಡು ವಾರ ಮಣ್ಣಲ್ಲೇ ಇರ್ಲಿ, ಸಿಪ್ಪೆ ಬಲೀತದೆ.” ಆಮೇಲೆ ಕೇಳಿದ: “ಇರೋ ನೆಲಕ್ಕೆಲ್ಲ ಒಂದೇ ತಳಿ ಯಾಕ್ಲಾ ಹಾಕ್ದೆ?”

ಆ ಪ್ರಶ್ನೆಗೆ ನಾನು ಬಾಯಿ ಬಿಡಲಿಲ್ಲ. ಸೊಪ್ಪಿನ ಮೇಲಿನ ಬೂಷ್ಟು ಕೀಳುವಾಗ ಗೆಡ್ಡೆಗೆ ತಗಲಿತ್ತು. ಗೋಣಿಯಲ್ಲಿದ್ದದ್ದೆಲ್ಲ ಕೊಳೆತು ನಾರಿತು. ಮಣ್ಣಲ್ಲಿ ಬಿಟ್ಟದ್ದರಲ್ಲಿ ಅಷ್ಟಿಷ್ಟು ಉಳಿಯಿತು.

ಈಗ ತೋಟದ ಯಾವ ಪದ ಕಿವಿಗೆ ಬಿದ್ದರೂ ನಾನು ಕೇಳುವುದು ಎರಡೇ: ಯಾವಾಗ ಶುರು, ಎಷ್ಟು ದಿನ? ಕೊತ್ತಂಬರಿ ಬೀಜವನ್ನು ನೇರ ಪಾತಿಗೇ, ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಆಲೂಗೆಡ್ಡೆಯಲ್ಲಿ ಹೆಚ್ಚು ಪಾಲು ಫಸ್ಟ್ ಅರ್ಲಿ. ತಡವಾಗಿ ಬರುವ ಬೆಳೆ ಬೇಕೇ ಬೇಕೆಂದರೆ ಅಂಗಮಾರಿ ತಡೆಯುವ ಸಾರ್ಪೊ ಮಿರಾ. ಹೊಸದಾಗಿ ಪ್ಲಾಟ್ ಸಿಕ್ಕ ಕನ್ನಡದವರು ಯಾರಾದರೂ ಮೇನ್‌ಕ್ರಾಪ್ ಚೀಲ ಹೊತ್ತು ಬಂದರೆ, ಮಕ್ಕಳ ರಜಕ್ಕೆ ಆಗಸ್ಟಿನಲ್ಲಿ ಊರಿಗೆ ಟಿಕೆಟ್ ಮಾಡಿಸಿದ್ದೀರಾ ಎಂದು ಮೊದಲು ವಿಚಾರಿಸುತ್ತೇನೆ. ಮಾಡಿಸಿದ್ದರೆ ಆ ಚೀಲ ಅಂಗಡಿಗೆ ವಾಪಸ್ ಕೊಟ್ಟು ಬನ್ನಿ ಅನ್ನುತ್ತೇನೆ.